ಒಡಪಿನ ನಡುವಿನ ಹೆಸರು

ನಮ್ಮ ಮನೆಯಲ್ಲಿ ನನ್ನನ್ನು ಕರೆಯಲು ಇರುವುದು ಒಂದೇ ಅಕ್ಷರ. ‘ರೀ’. ಮದುವೆಯಾದ ದಿನದಿಂದ ನನ್ನ ಹೆಂಡತಿಯ ಬಾಯಲ್ಲಿ ನಾನು ಅದೇ. ಹಾಲು ಉಕ್ಕಿದರೂ ರೀ, ಮಗಳಿಗೆ ಜ್ವರ ಬಂದರೂ ರೀ, ಪೇಪರಿನವನು ಪೇಪರು ಹಾಕದೆ ಹೋದರೂ ರೀ. ಆ ಒಂದಕ್ಷರವನ್ನು ಅವಳು ಎಳೆಯುವ, ಮೊಟಕು ಮಾಡುವ, ಮೇಲೇರಿಸುವ ರೀತಿಯಲ್ಲೇ ಒಳಗೆ ಹವೆ ಹೇಗಿದೆಯೆಂದು ಅಡುಗೆಮನೆಗೆ ಕಾಲಿಡುವ ಮೊದಲೇ ನನಗೆ ತಿಳಿಯುತ್ತಿತ್ತು. ನನ್ನ ಕಿವಿ ಮೊದಲು ಕಳೆದುಕೊಂಡದ್ದು ಅದನ್ನೇ ನೋಡಿ. ಹಾಳಾದ ಕಿವಿ, ಹೋಗುವುದಾದರೆ ಕೆಳಗಿನ ರಸ್ತೆಯ ಸ್ಕೂಟರುಗಳ ಹಾರ್ನು ಹೋಗಬಾರದಿತ್ತೇ? ಎದುರಿನ ಕೋಚಿಂಗ್ ಕ್ಲಾಸಿನ ಹುಡುಗರ ಗದ್ದಲ ಹೋಗಬಾರದಿತ್ತೇ? ಅವೆಲ್ಲ ಇದ್ದಲ್ಲೇ ಇವೆ. ಹೋದದ್ದು ರೀ.

ಇದು ಗೊತ್ತಾಗುವುದಕ್ಕೇ ಬಹಳ ದಿನ ಹಿಡಿಯಿತು. ಈಚೆಗೆ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ ಎಂದು ನಾನು ತಿಳಿದಿದ್ದೆ. ಬ್ಯಾಂಕಿನ ಹುಡುಗಿ ಗೊಣಗುತ್ತಾಳೆ, ಟೀವಿಯವರು ಪಿಸುಗುಟ್ಟುತ್ತಾರೆ, ಮಗಳು ಅರ್ಧ ಮಾತು ನುಂಗುತ್ತಾಳೆ. ಎಲ್ಲರ ಮೇಲೂ ರೇಗಿದ್ದೇ ರೇಗಿದ್ದು. “ಸ್ವಲ್ಪ ದೊಡ್ಡಕ ಮಾತಾಡ್ರಿ, ಏನ್ ಧಾಡಿ ಆಗೇದ ನಿಮಗೆಲ್ಲಾ?” ಹೆಂಡತಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಮೂರನೆಯ ಸಲಕ್ಕೆ “ಏನಿಲ್ಲ ಬಿಡ್ರಿ” ಎಂದು ಒಳಗೆ ಹೋಗಿಬಿಡುತ್ತಿದ್ದಳು. ದಿನ ಕಳೆದಂತೆ ಆ ‘ಏನಿಲ್ಲ ಬಿಡ್ರಿ’ಯೇ ಮನೆಯ ಮಾತಾಯಿತು. ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ; ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟನ್ನಾದರೂ ಕಲಿತಿದ್ದೇನೆ. ಆದರೆ ಆ ಏನೋ ಏನು ಎಂಬುದು ನನ್ನವರೆಗೆ ಬರುವುದು ನಿಂತಿತ್ತು.

ಕೊನೆಗೆ ಮಗಳೇ ಹಿಡಿದುಕೊಂಡು ಹೋಗಿ ಡಾಕ್ಟರರ ಮುಂದೆ ಕೂರಿಸಿದಳು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು, ಪೀಂಪೀಂ ಎಂಬ ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿದೆ. ಒಳ್ಳೆಯ ಮಾರ್ಕು ಬರುತ್ತದೆಂದೇ ನಂಬಿದ್ದೆ. ಡಾಕ್ಟರರು ಮರಾಠಿಯಲ್ಲಿ ಸಮಾಧಾನವಾಗಿ ವಿವರಿಸಿದರು: ಕಿವಿ ಸ್ವಲ್ಪ ಮಂದವಾಗಿದೆ, ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಇದ್ದದ್ದೇ, ಎತ್ತರದ ದನಿಯೂ ಮೆತ್ತಗಿನ ದನಿಯೂ ಮೊದಲು ಹೋಗುತ್ತವೆ, ಹೋದದ್ದು ತಿರುಗಿ ಬರುವುದಿಲ್ಲ, ಮುಂದೆ ಇನ್ನಷ್ಟು ಕಡಿಮೆಯಾಗಬಹುದು. ಬೇಕಿದ್ದರೆ ಮಶೀನು ಹಾಕಿಕೊಳ್ಳಿ, ಈಗಲೇ ಆಗಬೇಕೆಂದೇನಿಲ್ಲ ಎಂದರು. ನಾನು ಪ್ರೆಸ್ ಶಾಪಿನಲ್ಲಿ ಇದ್ದವನು. ತಗಡನ್ನು ಬಡಿದು ಆಕಾರ ಕೊಡುವ ಯಂತ್ರಗಳ ನಡುವೆ, ಕಿವಿಗೆ ಹತ್ತಿ ತುರುಕಿಕೊಂಡು, ಕೈಸನ್ನೆಯಲ್ಲೇ ಮಾತಾಡುತ್ತಾ ಹರೆಯ ಕಳೆದವನು. “ಮಶೀನಿನಿಂದ ಹೋದ ಕಿವಿಗೆ ಮತ್ತ ಮಶೀನಽ? ಬ್ಯಾಡ” ಎಂದು ಎದ್ದು ಬಂದೆ.

ರಿಕ್ಷಾದಲ್ಲಿ ಮನೆಗೆ ಬರುವಾಗ ಮಾತ್ರ ಡಾಕ್ಟರರ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಮೆತ್ತಗಿನ ದನಿ ಎಂದರೆ ನಮ್ಮ ಮನೆಯಲ್ಲಿ ಒಂದೇ ದನಿ. ಆ ದನಿಯಿಂದ ನಾನು ಕೇಳಬೇಕೆಂದು ಕಾದು, ಇನ್ನೂ ಕೇಳದೆ ಉಳಿದದ್ದು ಒಂದಿತ್ತು. ನನ್ನ ಹೆಸರು.

ನಗಬೇಡಿ. ನಮ್ಮ ಧಾರವಾಡದ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಹಾಗೆಲ್ಲ ಬಾಯಿಗೆ ತರುವಂತಿಲ್ಲ; ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಹೇಳಲೇಬೇಕಾದರೆ ಒಡಪು ಕಟ್ಟಿ, ಎರಡು ಸಾಲಿನ ಹಾಡಿನೊಳಗೆ ಹೆಸರನ್ನು ಹುದುಗಿಸಿ ಹೇಳಬೇಕು. ಮದುವೆಯಲ್ಲಿ ಹೊಸಿಲಿಗೆ ಅಡ್ಡ ನಿಂತು ನಾದಿನಿಯರು ಹೇಳಿಸುತ್ತಾರೆ. ನಮ್ಮ ಮದುವೆಯಲ್ಲೂ ಹೇಳಿಸಿದರು. ಅವಳು ತಲೆ ತಗ್ಗಿಸಿ ತುಟಿ ಅಲ್ಲಾಡಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಅದೇ ಗಳಿಗೆಗೆ ನನ್ನ ಸೋದರಮಾವ ಹುರುಪಿನಿಂದ ಬ್ಯಾಂಡಿನವರಿಗೆ ಕೈ ಮಾಡಿದ. ಊದಿದರಪ್ಪ, ಊದಿದರು! ಸುತ್ತ ಇದ್ದ ಹೆಂಗಸರೆಲ್ಲ ಕೇಳಿ ನಕ್ಕರು, ಮದುಮಗನಿಗೆ ಕೇಳಿದ್ದು ಬರೀ ತುತ್ತೂರಿ. ಆ ಮಾವ ಈಗಿಲ್ಲ. ಇದ್ದಿದ್ದರೆ ಇವತ್ತಿಗೂ ಜಗಳ ತೆಗೆಯುತ್ತಿದ್ದೆ.

ಮದುವೆಯ ನಂತರ ಪುಣೆಗೆ ಬಂದು ಸದಾಶಿವ ಪೇಠೆಯ, ಹಲವು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ಎರಡು ಖೋಲಿಯ, ಎಂದರೆ ಎರಡು ಕೋಣೆಯ, ಸಂಸಾರ ಹೂಡಿದೆವು. ಈಗಿನ ನಮ್ಮ ಕಟ್ಟಡ ನಿಂತಿರುವುದು ಅದೇ ಜಾಗದಲ್ಲಿ. ಆಗಿನ ವಾಡೆಯ ನಡುವೆ ಕಲ್ಲು ಹಾಸಿದ ಅಂಗಳ, ಅಂಗಳಕ್ಕೊಂದು ನಲ್ಲಿ, ಕಿರುಗುಡುವ ಮರದ ಮೆಟ್ಟಿಲು. ಎಷ್ಟು ಸದ್ದಿತ್ತು ಆ ವಾಡೆಯಲ್ಲಿ! ಯಾರ ಮನೆಯ ಒಗ್ಗರಣೆ, ಯಾರ ಮನೆಯ ಕೆಮ್ಮು, ಎಲ್ಲ ಎಲ್ಲರಿಗೂ ಗೊತ್ತು. ಹೊರಗೆಲ್ಲ ಮರಾಠಿ; ನಮ್ಮ ಬಾಗಿಲಿನೊಳಗೆ ಬಂದರೆ ಕನ್ನಡ, ಅದೂ ಅವಳ ಮೆತ್ತಗಿನ ಕನ್ನಡ. ದಿನವಿಡೀ ಪ್ರೆಸ್ಸಿನ ಬಡಿತ ಕೇಳಿ ಬಂದ ಕಿವಿಗೆ ಅದು ತಣ್ಣೀರು ಹಾಕಿದ ಹಾಗಿರುತ್ತಿತ್ತು. ಈಗ ನೆನೆದರೆ ಸಂಕಟವಾಗುತ್ತದೆ. ಆಗ ಅದು ಮುಗಿಯುವ ವಸ್ತು ಎಂದು ಯಾರಿಗೆ ಗೊತ್ತಿತ್ತು?

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ವಾಡೆಯಲ್ಲಿ ಅರಿಶಿನ-ಕುಂಕುಮದ ಸಂಭ್ರಮ. ಮರಾಠಿ ಹೆಂಗಸರಲ್ಲೂ ಇದೇ ಪದ್ಧತಿ. ಅವರು ಒಡಪಿಗೆ ಉಖಾಣಾ ಅನ್ನುತ್ತಾರೆ. ಆ ಸಂಜೆ ಗಂಡಸರಿಗೆ ಮೇಲೆ ಜಾಗವಿಲ್ಲ, ಎಲ್ಲರೂ ಕೆಳಗೆ ಕಟ್ಟೆಯ ಮೇಲೆ. ಮೇಲಿನಿಂದ ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮರುದಿನ ನಾವೆಲ್ಲ ವಹಿನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದ ಪಕ್ಕದ ಖೋಲಿಯವರು ನಲ್ಲಿಯ ಹತ್ತಿರ ನನ್ನನ್ನು ಹಿಡಿದು, “ಕಿತೀ ಗೋಡ ಉಖಾಣಾ ಘೇತೇ ಹೋ ತುಮಚೀ ಬಾಯಕೋ!” ಎಂದು, ಅವಳ ಒಡಪು ಎಷ್ಟು ಸಿಹಿಯೆಂದು ಹೊಗಳುತ್ತಿದ್ದರು. ಕನ್ನಡದ ಒಡಪು ಅವರಿಗೂ ಬಾಯಿಪಾಠವಾಗಿತ್ತು. ನನಗೂ ಅವರಿವರಿಂದ ಕೇಳಿ ಸಾಲುಗಳು ಗೊತ್ತಾಗಿದ್ದವು. “ಹೊಲಕ್ಕ ಬೇಕು ನೀರು, ಮನಿಗಿ ಬೇಕು ಸೂರು” ಎಂದು ಶುರುವಾಗಿ, “ರಾಯರು ಜೋಡಿ ಇದ್ರ ನನಗ್ಯಾತರ ಬೇಜಾರು” ಎಂದು ಮುಗಿಯುತ್ತದೆ. ರಾಯರು ಎಂಬುದರ ಹಿಂದೆ ನಾನಿದ್ದೇನೆ, ನನ್ನ ಹೆಸರು ಬರುವುದು ಅಲ್ಲೇ. ಇಡೀ ವಾಡೆ ಕೇಳಿದ ಹೆಸರು ಹೆಸರಿನವನಿಗೊಬ್ಬನಿಗೆ ಕೇಳಿರಲಿಲ್ಲ.

ಅವಳ ಹಟವೂ ಸಾಮಾನ್ಯದ್ದಲ್ಲ. ಮಗಳು ಹುಟ್ಟುವಾಗ ಆಸ್ಪತ್ರೆಯಲ್ಲಿ ನರ್ಸು ಗಂಡನ ಹೆಸರು ಕೇಳಿದಳಂತೆ. ನಾನು ಪಾಳಿಯಲ್ಲಿದ್ದೆ, ಜೊತೆಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಅಂಥ ನೋವಿನಲ್ಲೂ ಇವಳು ಬಾಯಿ ಬಿಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದಳು. ನನ್ನದು ದೇವರ ಹೆಸರು, ಸರಿ. ಆದರೆ ಕ್ಯಾಲೆಂಡರಿನಲ್ಲಿ ದೇವರು ಹೆಂಡತಿ-ಮಕ್ಕಳ ಸಮೇತ ಕೂತಿದ್ದ. ನರ್ಸು ತಂದೆಯನ್ನು ಬಿಟ್ಟು ಮಗನನ್ನು ಬರೆದುಕೊಂಡಳು. ಸಂಜೆ ನಾನು ಓಡಿಬಂದರೆ, ನನ್ನ ಹೆಸರಿನ ಗಂಡನಿರುವ ಪೇಷಂಟ್ ಇಲ್ಲಿಲ್ಲ ಎಂದು ನನ್ನನ್ನು ಬಾಗಿಲಲ್ಲೇ ತಡೆದರು. ಕೂಸನ್ನು ನೋಡುವ ಮೊದಲು ನಾನು ಯಾರೆಂದು ವಾದ ಮಾಡಬೇಕಾಯಿತು. ಒಳಗೆ ಹೋಗಿ ಕೇಳಿದರೆ, “ಮಗನ ಹೆಸರ ಬರದ್ರ ಏನಾತ್ರೀ, ಮನಿತನ ಒಂದಽ ಅಲ್ಲಾ” ಎಂದಳು ಮಹಾತಾಯಿ. ಮಗಳು ಇವತ್ತಿಗೂ ಆ ಕಥೆ ಹೇಳಿ ನಗುತ್ತಾಳೆ.

ಡಾಕ್ಟರರ ಹತ್ತಿರ ಹೋಗಿ ಬಂದ ವಾರದಲ್ಲಿ ಆ ಮಗಳೇ ವಿಮಾನ ನಗರದ ಆಫೀಸಿನಿಂದ ಬಂದವಳು ನನ್ನ ಕೈಯಲ್ಲಿ ಒಂದು ಪುಟ್ಟ ಬಿಳಿ ಡಬ್ಬಿ ಇಟ್ಟಳು. ಒಳಗೆ ಎರಡು ಇಯರ್‌ಬಡ್. ವೈರಿಲ್ಲ, ಏನಿಲ್ಲ. ಅವಳು ಹೊಸದು ಕೊಂಡಿದ್ದಳು, ಹಳೆಯದು ನನಗೆ.

“ಅಪ್ಪಾ, ಇದು ಮಶೀನ್ ಅಲ್ಲ, ಬಡ್ಸ್. ಸೆಟಿಂಗ್ ಮಾಡಿ ಕೊಟ್ಟೀನಿ, ಹೊರಗಿನ ಸೌಂಡ್ ದೊಡ್ಡದಾಗಿ ಕೇಳಸ್ತದ. ನೋಡಿದವರು ನೀವು ಹಾಡ ಕೇಳ್ಲಿಕ್ಕತ್ತೀರಿ ಅನ್ಕೋತಾರ, ಅಷ್ಟ.”

ಇನ್ನೊಂದು ಉಪಾಯವನ್ನೂ ತೋರಿಸಿದಳು. ಫೋನನ್ನು ಮಾತಾಡುವವರ ಹತ್ತಿರ ಇಟ್ಟು ನಾವು ಪಕ್ಕದ ಕೋಣೆಯಲ್ಲಿ ಕೂತರೂ, ಅಲ್ಲಿನ ಮಾತು ನೇರವಾಗಿ ಕಿವಿಗೆ ಬರುತ್ತದೆ. ಹೆಂಡತಿ ಅವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಸಿಪ್ಪಿ ಬಿಡಿಸಿದ ಶೇಂಗಾ ಇದ್ದಂಗ ಅವ” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಕ್ಕೆ ಶೇಂಗಾ ಎಂದೇ ಹೆಸರು.

ಮರುದಿನ ಬೆಳಿಗ್ಗೆ ಶೇಂಗಾ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತೆ. ಅಬ್ಬಬ್ಬಾ! ಪೇಪರಿನ ಪುಟ ತಿರುವಿದರೆ ಪರಪರ ಸದ್ದು. ಪಾರಿವಾಳದ ಗುಟುರು. ಒಳಗೆ ಸಾಸಿವೆ ಚಟಪಟ ಅಂದದ್ದು, ಅವಳ ಬಳೆ, ಅವಳ ಚಪ್ಪಲಿಯ ಎಳೆತ. ಅಷ್ಟರಲ್ಲಿ “ರೀ” ಎಂದಳು. ಕೂಗಿದ್ದಲ್ಲ, ಮೊದಲಿನ ಹಾಗೆ ಮೆತ್ತಗೆ, ಸುಮ್ಮನೆ. ಯಾರೂ ಓಗೊಡುವುದಿಲ್ಲವೆಂದು ಗೊತ್ತಿದ್ದೂ ರೂಢಿಯಿಂದ ಬಂದದ್ದು. ನಾನು “ಓ” ಎಂದೆ. ಒಳಗೆ ಸೌಟಿನ ಸದ್ದು ನಿಂತಿತು. ಅವಳು ಸೌಟು ಹಿಡಿದುಕೊಂಡೇ ಬಾಲ್ಕನಿಯ ಬಾಗಿಲಿಗೆ ಬಂದು ನನ್ನನ್ನೇ ನೋಡುತ್ತಾ ನಿಂತಳು. ನನಗೆ ಕಣ್ಣು ತುಂಬಿ ಬಂತು. ಪೇಪರು ಮುಖಕ್ಕೆ ಅಡ್ಡ ಹಿಡಿದೆ.

ಅದೇ ಹುಮ್ಮಸ್ಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

“ಈಗ ಕಿವಿ ಕೇಳಸ್ತದ. ಮುಂದ ಹೆಂಗೋ ಏನೋ. ಒಮ್ಮೆ ನನ್ನ ಹೆಸರ ಹೇಳು.”

“ಹುಚ್ಚ ಹಿಡದದೇನ್ರೀ ನಿಮಗ?”

“ಒಡಪಿನ್ಯಾಗರ ಹೇಳು.”

“ಒಡಪ ಅಂದ್ರ ನಾಕು ಮಂದಿ ಮುಂದ ಹೇಳೂದು. ಅನ್ನ ಉಣ್ಣುವಾಗ ಗಂಡಗ ಹೇಳೂದಲ್ಲ. ಸುಮ್ನ ಉಣ್ರಿ, ಸಾರು ಆರ್ತದ.”

ಮುಗಿಯಿತು. ಅವಳು ಸಾರು ಆರುತ್ತದೆ ಎಂದ ಮೇಲೆ ಬ್ರಹ್ಮ ಬಂದರೂ ಮಾತು ಮುಂದುವರಿಯುವುದಿಲ್ಲ.

ಈ ವರ್ಷ ಅರಿಶಿನ-ಕುಂಕುಮ ನಮ್ಮ ಮನೆಯಲ್ಲಿತ್ತು. ನಾಲ್ಕು ಮಂದಿ ಮುಂದೆ ಹೇಳುವುದು ತಾನೇ, ಹೇಳಲಿ, ನೋಡೋಣ ಎಂದುಕೊಂಡೆ. ಸಂಜೆ ಹೆಂಗಸರು ಬರುವ ಮೊದಲು ನನ್ನ ಫೋನನ್ನು ಹಾಲ್‌ನ ಶೆಲ್ಫಿನಲ್ಲಿ ಎಳ್ಳಿನ ಡಬ್ಬಿಯ ಹಿಂದೆ ಇಟ್ಟು, ಶೇಂಗಾ ಕಿವಿಗೆ ಸಿಕ್ಕಿಸಿಕೊಂಡು, ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಕೂತೆ. ಈ ವಯಸ್ಸಿನಲ್ಲಿ, ಸ್ವಂತ ಮನೆಯಲ್ಲಿ, ಸ್ವಂತ ಹೆಸರಿಗಾಗಿ ಕಳ್ಳತನ! ಆದರೆ ಕೇಳಿಸಿತು, ಎಲ್ಲ ಕೇಳಿಸಿತು. ರೇಷ್ಮೆ ಸೀರೆಯ ಸರಸರ, ಬಳೆ, ಎಳ್ಳು-ಬೆಲ್ಲ ಕೊಡುವಾಗಿನ “ತಿಳಗೂಳ ಘ್ಯಾ, ಗೋಡ ಬೋಲಾ.” ವಾಡೆಯ ಕಾಲದ ವಹಿನಿಯೂ ಬಂದಿದ್ದರು, ಈಗ ಅಜ್ಜಿಯಾಗಿದ್ದಾರೆ. ಅವರ ದನಿ ಕೇಳಿದೊಡನೆ ನಾನು ಮತ್ತೆ ವಾಡೆಯ ಕಟ್ಟೆಯ ಮೇಲೇ ಕೂತಂತಾಯಿತು. ಈ ಸಲ ಮಾತ್ರ ಮೇಲಿನ ಮಾತೂ ಕೇಳುತ್ತಿತ್ತು.

ಒಬ್ಬೊಬ್ಬರದೇ ಉಖಾಣಾ ಮುಗಿದು, ಅಜ್ಜಿ ನನ್ನ ಹೆಂಡತಿಗೆ ಗಂಟುಬಿದ್ದರು. ಇವಳು ಬೇಡ ಬೇಡ ಎಂದಳು, ನಕ್ಕಳು, ಗಂಟಲು ಸರಿಮಾಡಿಕೊಂಡಳು. “ಹೊಲಕ್ಕ ಬೇಕು ನೀರು, ಮನಿಗಿ ಬೇಕು ಸೂರು...” ನಾನು ಶೇಂಗಾಗಳನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅಷ್ಟರಲ್ಲಿ ಕಿವಿಯೊಳಗೆ ಟಿಣಿಟಿಣಿ ಟಿಣಿಟಿಣಿ! ಹಾಲ್‌ನಲ್ಲಿ ಎಳ್ಳಿನ ಡಬ್ಬಿಯೂ ಕುಣಿಯತೊಡಗಿತು. ಮಗಳು ಆಫೀಸಿನಿಂದ ಫೋನು ಮಾಡಿದ್ದಳು, ಅಮ್ಮನ ಹಳದೀ-ಕುಂಕೂ ಹೇಗೆ ನಡೆದಿದೆ ಎಂದು ಕೇಳಲು. ಸೋದರಮಾವನ ಬ್ಯಾಂಡಿನ ಜಾಗಕ್ಕೆ ಈಗ ಮಗಳ ರಿಂಗ್‌ಟೋನು. ಅದು ನಿಲ್ಲುವ ಹೊತ್ತಿಗೆ ಒಡಪು ಮುಗಿದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಎಲ್ಲರೂ ಹೋದ ಮೇಲೆ ಅವಳು ಫೋನು ಹಿಡಿದುಕೊಂಡು ಒಳಗೆ ಬಂದಳು.

“ಇದನ್ನ ಎಳ್ಳಿನ ಡಬ್ಬಿ ಹಿಂದ ಯಾಕ ಇಟ್ಟಿದ್ರಿ?”

ಸುಳ್ಳು ಹೊಳೆಯಲಿಲ್ಲ. “ನೀ ನನ್ನ ಹೆಸರ ಹೇಳೂದು ಕೇಳಬೇಕಾಗಿತ್ತು.”

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ಅಂಚಿಗೆ ಕೂತಳು. ಹಣೆಯ ತುಂಬ ಕುಂಕುಮ, ಕೈಯಲ್ಲಿ ಫೋನು.

“ನಿಮಗ ಹೆಸರಿಂದ ಚಿಂತಿ. ನಾ ರೀ ಅಂತ ಕರದದ್ದು ನಿಮಗ ಎಷ್ಟ ವರ್ಷ ಕೇಳಿಸಿಲ್ಲ, ಗೊತ್ತದ ಏನು? ಕರದು ಕರದು ಗಂಟಲಾ ನೊಂದು ಸುಮ್ನಾದೆ. ನನ್ನ ಹತ್ರ ಇದ್ದದ್ದು ಅದೊಂದ. ಬ್ಯಾರೆ ಏನಂತ ಕರೀಲಿ ನಾ ನಿಮ್ಮನ್ನ?”

ನನಗೆ ಒಂದು ಹೆಸರು ಕೇಳಿಸದ ಸಂಕಟ ದೊಡ್ಡದಾಗಿತ್ತು. ಅವಳಿಗೆ ಇಡೀ ಗಂಡನೇ ಕೇಳಿಸಿಕೊಳ್ಳದೆ ಹೋಗಿದ್ದ. ಆಮೇಲೆ ನಾನು ಹೆಸರಿನ ಸುದ್ದಿ ತೆಗೆಯಲಿಲ್ಲ. ಬೆಳಿಗ್ಗೆ ಎದ್ದೊಡನೆ ಮುಖ ತೊಳೆದು ಶೇಂಗಾ ಹಾಕಿಕೊಳ್ಳುವುದು, ರೀ ಎಂದರೆ ಓ ಎನ್ನುವುದು, ಅಷ್ಟೇ ನನ್ನ ಕೆಲಸವೆಂದುಕೊಂಡೆ.

ಚಳಿ ಕಳೆಯುತ್ತಿದ್ದಾಗ ಅವಳ ತವರಿನಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಧಾರವಾಡದ ಬಸ್ಸು ಹಿಡಿಯಲು ಬೆಳಿಗ್ಗೆಯೇ ಪುಣೆಯ ಅಂಚಿನ ಕಾತ್ರಜಕ್ಕೆ ಹೋದೆವು. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳ ಮಾತು ಕೇಳುತ್ತಾ ಬಂದಿದ್ದೆ. ಇಳಿಯುವ ಹೊತ್ತಿಗೆ ಶೇಂಗಾಗಳ ಬ್ಯಾಟರಿ ಮುಗಿಯಿತು. ಅವನ್ನು ಡಬ್ಬಿಯಲ್ಲಿ ಚಾರ್ಜಿಗೆ ಮಲಗಿಸಿ, ಅವಳನ್ನು ಚೀಲಗಳ ಹತ್ತಿರ ಕೂರಿಸಿ, ನಿಜವಾದ ಶೇಂಗಾ ತರೋಣವೆಂದು ಗಾಡಿಯವನ ಹತ್ತಿರ ಹೋದೆ. ಬಿಸಿ ಮರಳಿನಲ್ಲಿ ಹುರಿದದ್ದು ಅವಳಿಗೆ ಜೀವ.

ನನ್ನ ಬೆನ್ನ ಹಿಂದೆ ಒಂದು ಬಸ್ಸು ಹಿಮ್ಮುಖವಾಗಿ ಬರುತ್ತಿತ್ತಂತೆ. ಕಂಡಕ್ಟರು ಸೀಟಿ ಊದುತ್ತಿದ್ದನಂತೆ. ಸೀಟಿ ನನ್ನ ಕಿವಿಗೆ ಕೇಳಿಸದಾಗಿ ಎಷ್ಟೋ ಕಾಲವಾಗಿದೆ, ಎಂಜಿನ್ನಿನ ಸದ್ದಂತೂ ಅಲ್ಲಿ ನಾಲ್ಕೂ ಕಡೆಯಿಂದ ಇತ್ತು. ಅವಳು ಎದ್ದು “ರೀ” ಎಂದಳಂತೆ. “ರೀ! ಏನ್ರೀ!” ಕರ್ನಾಟಕಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಜಾಗ ಅದು. ಅಲ್ಲಿದ್ದ ಗಂಡಸರೆಲ್ಲ ಯಾರೋ ಒಬ್ಬಳಿಗೆ ರೀ ಆದವರೇ. ಒಬ್ಬೊಬ್ಬರೂ ತಿರುಗಿ ನೋಡಿದರಂತೆ, ನಾನೊಬ್ಬ ಬಿಟ್ಟು. ನಾನು ಶೇಂಗಾದವನಿಗೆ ಇನ್ನೂ ಸ್ವಲ್ಪ ಹುರಿಯಲು ಹೇಳುತ್ತಿದ್ದೆ.

ಆಗ ಕೇಳಿಸಿತು ನನ್ನ ಹೆಸರು.

ಶೇಂಗಾ ಇಲ್ಲ, ಫೋನಿಲ್ಲ, ಬರಿಗಿವಿಗೆ. ರಾಯರು ಇಲ್ಲ, ನೀರಿಲ್ಲ, ಸೂರಿಲ್ಲ. ಬರೀ ಹೆಸರು, ಕೊನೆಯ ಅಕ್ಷರ ಒಡೆದು ಚೂರಾಗುವ ಹಾಗೆ. ನನ್ನವ್ವ ತೀರಿದ ಮೇಲೆ ನನ್ನನ್ನು ಹಾಗೆ ಬೋಳಾಗಿ ಯಾರೂ ಕರೆದಿರಲಿಲ್ಲ. ಒಂದು ಕ್ಷಣ ಅವ್ವನೇ ಕರೆದಳೆಂದು ತಿಳಿದು ಥಟ್ಟನೆ ಪಕ್ಕಕ್ಕೆ ತಿರುಗಿ ಎರಡು ಹೆಜ್ಜೆ ಸರಿದೆ. ನಾನು ನಿಂತಿದ್ದ ಜಾಗವನ್ನು ಸವರಿಕೊಂಡು ಬಸ್ಸು ನಿಂತಿತು. ಶೇಂಗಾದವನು ಮರಾಠಿಯಲ್ಲಿ ಡ್ರೈವರನ ಕುಲವನ್ನೆಲ್ಲ ಜಾಲಾಡಿದ. ಅವಳು ಚೀಲಗಳನ್ನು ಅಲ್ಲೇ ಬಿಟ್ಟು ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು.

ನಮ್ಮ ಬಸ್ಸು ಬಂದು, ಸೀಟು ಸಿಕ್ಕಿ, ಕೂತ ಮೇಲೂ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹತ್ತಿರ ಬಾಗಿ ಏನೆಂದು ಕೇಳಿದೆ. ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

“ನಿಮ್ಮ ಹೆಸರ ತಗೊಂಡೆನಲ್ರೀ. ಅಷ್ಟ ಮಂದಿ ಮುಂದ. ಆಯುಷ್ಯ ಕಡಿಮಿ ಆಗ್ತದ ಅಂತಾರ.”

“ಹುಚ್ಚಿ, ನೀ ತಗೊಳ್ಳದಿದ್ರ ಇವತ್ತಽ ಮುಗೀತಿತ್ತು ಆಯುಷ್ಯ.”

ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ಮುಖ ನೋಡಿದರೆ ಹೇಳುವಂತಿರಲಿಲ್ಲ. ಬಸ್ಸು ಘಾಟಿನ ಸುರಂಗ ದಾಟಿ ಆಚೆಯ ಬಿಸಿಲಿಗೆ ಬಂತು. ಅವಳು ನನ್ನ ಜೇಬಿಗೆ ಕೈಹಾಕಿ ಫೋನು ತೆಗೆದುಕೊಂಡಳು.

“ಆ ಶೇಂಗಾ ಹಾಕ್ಕೋರಿ.”

“ಯಾಕ?”

“ಹಾಕ್ಕೋರಿ ಅಂದ್ರ ಹಾಕ್ಕೋರಿ. ಕಡಿಮಿ ಆಗೂದು ಆಗೇ ಹೋಗೇದ. ಇನ್ನ ಒಮ್ಮೆ ಅಂದ್ರೇನು, ಎರಡ ಸಲ ಅಂದ್ರೇನು.”

ಹಾಕಿಕೊಂಡೆ. ಮಗಳು ಕಲಿಸಿದಂತೆ ಗುಂಡಿ ಒತ್ತಿ ಕೊಟ್ಟೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಫೋನನ್ನು ತುಟಿಯ ಹತ್ತಿರ ತಂದಳು. ಕಿಟಕಿಯ ಹೊರಗೆ ಲಾರಿಗಳು ಅರಚುತ್ತಿದ್ದವು, ಬಸ್ಸಿನ ಗಾಜು ಕಟಕಟ ಅನ್ನುತ್ತಿತ್ತು. ಎಲ್ಲದರ ನಡುವೆ, ಮದುವೆಯ ಹೊಸಿಲಿನಲ್ಲಿ ನಿಂತಿದ್ದ ಆ ಹುಡುಗಿ ನನ್ನ ಕಿವಿಯೊಳಗೆ ಶುರುಮಾಡಿದಳು: “ಹೊಲಕ್ಕ ಬೇಕು ನೀರು, ಮನಿಗಿ ಬೇಕು ಸೂರು...” ಆಮೇಲೆ ನನ್ನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೇಳಲು ಇಷ್ಟು ವರ್ಷ ಕಾದಿದ್ದೇನೆ, ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ.

ನಾನು “ಓ” ಎಂದೆ. ತುಸು ಜೋರಾಯಿತೆಂದು ಕಾಣುತ್ತದೆ, ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.

“ಮೆಲ್ಲಕ ಅನ್ರಿ,” ಎಂದಳು, “ನನಗ ಕೇಳಸ್ತದ.”